ಡಬ್ಬದ ಮೇಲಿನ ಡಬ್ಲ್ಯೂ

ಎಂಜಿನ್ ಆಯಿಲ್ ಡಬ್ಬದ ಮೇಲೆ 5ಡಬ್ಲ್ಯೂ-30 ಅಂತ ಬರೆದಿರುತ್ತಲ್ಲ, ಅಲ್ಲಿನ ಡಬ್ಲ್ಯೂ ಅಂದರೆ ‘ವೆಯ್ಟ್’ ಅಂದುಕೊಂಡವರು ಬಹಳ ಜನ. ಅದು ವಿಂಟರ್, ಚಳಿಗಾಲ. ಆ ಒಂದು ಅಕ್ಷರ ಬರುವ ಮುಂಚೆ ಜನ ಪಟ್ಟ ಪಾಡು ಸಣ್ಣದಲ್ಲ.

ಅಮೆರಿಕದ ಎಸ್‌ಎಇ ಸಂಸ್ಥೆ 1911ರಲ್ಲೇ ಎಂಜಿನ್ ಎಣ್ಣೆಗಳನ್ನು ಸ್ನಿಗ್ಧತೆಯ ಮೇಲೆ, ಅಂದರೆ ಎಷ್ಟು ಮಂದ, ಎಷ್ಟು ತೆಳು ಅನ್ನೋದರ ಮೇಲೆ ವಿಂಗಡಿಸಿತು. ಆ ಕಾಲದ ಅಳತೆ ಬಲು ಸರಳ: ಬಿಸಿ ಮಾಡಿದ 60 ಮಿಲಿಲೀಟರ್ ಎಣ್ಣೆ ಸಣ್ಣ ತೂತಿನಿಂದ ಇಳಿಯಲು ಎಷ್ಟು ಸೆಕೆಂಡು ಬೇಕು? ಆದರೆ ಬಿಸಿಯಲ್ಲಿ ಸರಿಯಾಗಿ ಹರಿಯುವ ಎಣ್ಣೆ ಹಿಮದ ಬೆಳಿಗ್ಗೆ ಜೋನಿಬೆಲ್ಲಕ್ಕಿಂತ ಗಟ್ಟಿ. ತೆಳು ಎಣ್ಣೆ ಹಾಕಿದರೆ ಗಾಡಿ ಸ್ಟಾರ್ಟ್ ಆಗುತ್ತೆ, ಆದರೆ ಎಂಜಿನ್ ಕಾದಮೇಲೆ ಲೋಹ ಲೋಹಕ್ಕೆ ಉಜ್ಜುತ್ತೆ.

1920, 30ರ ದಶಕಗಳಲ್ಲಿ ಕೆನಡಾದ ಉತ್ತರದ ಕಾಡುಗಳಿಗೆ ಹಾರುತ್ತಿದ್ದ ಪೈಲಟ್‌ಗಳು ಇಳಿದ ಕೂಡಲೇ ಎಂಜಿನ್ನಿನ ಎಣ್ಣೆಯನ್ನೆಲ್ಲ ಡಬ್ಬಕ್ಕೆ ಬಸಿದುಕೊಳ್ಳುತ್ತಿದ್ದರು. ಬೆಳಿಗ್ಗೆ ಎಂಜಿನ್ನಿಗೆ ಕ್ಯಾನ್ವಾಸ್ ಹೊದಿಸಿ, ಕೆಳಗೆ ಸ್ಟೌ ಹಚ್ಚಿ ಬೆಚ್ಚಗೆ ಮಾಡಿ, ಎಣ್ಣೆಯನ್ನೂ ಕಾಯಿಸಿ ವಾಪಸ್ ಸುರಿಯೋದು. ಬಟ್ಟೆಗೆ ಬೆಂಕಿ ತಗಲದ ಹಾಗೆ ಒಬ್ಬರು ಕಾಯುತ್ತಾ ಕೂರಬೇಕಿತ್ತು. ಇಷ್ಟೆಲ್ಲ ಆದಮೇಲೆ ಸ್ಟಾರ್ಟ್!

1929ರಲ್ಲಿ ಡೀನ್ ಮತ್ತು ಡೇವಿಸ್ ಎಂಬಿಬ್ಬರು, ಕಾದಾಗ ಯಾವ ಎಣ್ಣೆ ಎಷ್ಟು ತೆಳುವಾಗುತ್ತೆ ಅನ್ನೋದಕ್ಕೇ ಒಂದು ಸೂಚ್ಯಂಕ ಕೊಟ್ಟರು. ಪೆನ್ಸಿಲ್ವೇನಿಯಾದ ಎಣ್ಣೆಗೆ 100, ಟೆಕ್ಸಸ್ ಕರಾವಳಿಯದಕ್ಕೆ ಸೊನ್ನೆ. ಆಮೇಲೆ ಚಳಿಯಲ್ಲಿ ಮುದುಡಿ, ಬಿಸಿಗೆ ಬಿಚ್ಚಿಕೊಳ್ಳುವ ಪಾಲಿಮರ್‌ಗಳನ್ನು ಬೆರೆಸಿ, 1950ರ ದಶಕದಲ್ಲಿ ಮಲ್ಟಿಗ್ರೇಡ್ ಆಯಿಲ್ ಮಾರುಕಟ್ಟೆಗೆ ಬಂತು. ಋತುವಿಗೊಂದು ಎಣ್ಣೆ ಹಾಕುವ ಕಾಟ ತಪ್ಪಿತು.

ಹಾಗಾಗಿ ಮೊದಲ ಅಂಕಿ ನಿಮ್ಮ ಊರಿನ ಚಳಿಗೆ, ಎರಡನೆಯದು ಕಾದ ಎಂಜಿನ್ನಿಗೆ. 5ಡಬ್ಲ್ಯೂ ಎಣ್ಣೆಯ ಚಳಿ ಪರೀಕ್ಷೆ ನಡೆಯೋದು ಮೈನಸ್ 30 ಡಿಗ್ರಿಯಲ್ಲಿ, 0ಡಬ್ಲ್ಯೂನದು ಮೈನಸ್ 35ರಲ್ಲಿ. 100 ಡಿಗ್ರಿಯಲ್ಲಿ 0ಡಬ್ಲ್ಯೂ-30, 10ಡಬ್ಲ್ಯೂ-30 ಎರಡೂ ಒಂದೇ ದರ್ಜೆ. ವಿನ್ನಿಪೆಗ್‌ನಲ್ಲಿರುವವರಿಗೆ ಮೊದಲ ಅಂಕಿ ಪ್ರಾಣ. ದುಬೈನಲ್ಲಿ ಅದರ ಚಿಂತೆ ಕಮ್ಮಿ. ‘ಮಂದ ಇದ್ದಷ್ಟೂ ಒಳ್ಳೇದು, 20ಡಬ್ಲ್ಯೂ-50 ಹಾಕಿಸು’ ಅಂತ ಊರಿಂದ ಫೋನಲ್ಲಿ ಹೇಳುವ ಮಾವನ ಮಾತು ಅವರ ಹಳೇ ಗಾಡಿಗೆ ಸರಿ ಇದ್ದೀತು. ಈಗಿನ ಎಂಜಿನ್ನಿನ ಸಂದುಗಳು ಕಿರಿದು, ಅಲ್ಲಿಗೆ ಆ ಎಣ್ಣೆ ತಲುಪೋದೇ ತಡ.

ಕಾರಿನ ಜೊತೆ ಬಂದ ಕೈಪಿಡಿಯನ್ನೇ ನಂಬಿ ಅಂತೀನಿ, ಆದರೆ ಅದಕ್ಕೂ ಒಂದು ದೇಶ ಇದೆ. ಅಮೆರಿಕದಲ್ಲಿ 0ಡಬ್ಲ್ಯೂ-20 ಒಂದನ್ನೇ ಹೇಳುವ ಎಂಜಿನ್ನಿಗೆ ಬೇರೆ ದೇಶದ ಕೈಪಿಡಿ 5ಡಬ್ಲ್ಯೂ-30ನ್ನೂ ಒಪ್ಪುವುದುಂಟು. ತೆಳು ಎಣ್ಣೆಯಿಂದ ಇಂಧನ ಸ್ವಲ್ಪ ಉಳಿಯುತ್ತೆ, ಅಮೆರಿಕದ ಮೈಲೇಜ್ ಕಾನೂನು 1975ರಿಂದಲೂ ಕಂಪನಿಗಳ ಬೆನ್ನ ಮೇಲೆ ಕೂತಿದೆ.