ಒಂದೇ ಕಂಬದಲ್ಲಿ ಮೂರು ಕೆಲಸ

ಔರಾದ ತಾಲೂಕಿನ ಚಿಂತಾಕಿ ಕಡೆ ಕಾರು ಓಡಿಸುವವರಿಗೆ ಶಾಕಪ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ಈ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲೆ ಹಾಸಿದ ಡಾಂಬರು ಅದರ ಜೊತೆಗೇ ಏಳುತ್ತದೆ, ಕುಸಿಯುತ್ತದೆ. ಗುಂಡಿ ದಾಟಿದ ಮೇಲೂ ಕಾರಿನ ಮೂತಿ ತೂಗುತ್ತಲೇ ಇದ್ದರೆ, ಗಾಲಿಯ ಹಿಂದಿನ ಕಂಬದಿಂದ ಎಣ್ಣೆ ಜಿನುಗಿದ್ದರೆ ಶಾಕಪ್ ಸೋತಿದೆ ಎಂದರ್ಥ.

ಪೆಟ್ಟು ತಿನ್ನುವುದು ಸ್ಪ್ರಿಂಗು. ತಿಂದ ಮೇಲೆ ಅದು ಕುಣಿಯದಂತೆ, ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ಹಾಯಿಸಿ ತಡೆಯುವುದು ಶಾಕಪ್. ಹಳೆಯ ಕಾರುಗಳಲ್ಲಿ ಇವೆರಡೂ ಬೇರೆ ಬೇರೆ. ಅಂಬಾಸಡರಿನ ಹಿಂಗಾಲಿಗಳಿಗೆ ಪಟ್ಟಿ ಸ್ಪ್ರಿಂಗು ಇತ್ತು. ಅದನ್ನು ಮುಟ್ಟದೆ ಶಾಕಪ್ ಒಂದನ್ನೇ ಬಿಚ್ಚಬಹುದಿತ್ತು.

ಎರಡನ್ನೂ ಒಂದುಗೂಡಿಸಿದ್ದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್. ಎರಡನೇ ಮಹಾಯುದ್ಧ ಮುಗಿದಾಗ ಜನರಲ್ ಮೋಟರ್ಸ್ ಸಾವಿರ ಡಾಲರಿನೊಳಗೆ ಸಿಗುವ ಸಣ್ಣ ಕಾರೊಂದನ್ನು ಮಾಡಲು ಹೊರಟಿತ್ತು. ಶೆವ್ರೊಲೆ ಕೆಡೆಟ್ ಎಂಬ ಆ ಯೋಜನೆಯನ್ನು ಅವರು ನೋಡಿಕೊಳ್ಳುತ್ತಿದ್ದರು. 1947ರಲ್ಲಿ ಯೋಜನೆ ನಿಂತಿತು. ಅವರು ಫೋರ್ಡ್ ಸೇರಿದರು. ಸ್ಪ್ರಿಂಗು, ಶಾಕಪ್, ಗಾಲಿ ತಿರುಗುವ ಅಕ್ಷ ಮೂರೂ ಒಂದೇ ಕಂಬದಲ್ಲಿರುವ ಅವರ ವಿನ್ಯಾಸ 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಬಂತು. ಬಿಡಿಭಾಗ ಕಡಿಮೆ, ಜಾಗವೂ ಕಡಿಮೆ. ಹಾಗಾಗಿ ಎಂಜಿನ್ ಅಡ್ಡಲಾಗಿ ಕೂರುವ ಸಣ್ಣ ಕಾರುಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. 1983ರ ಡಿಸೆಂಬರ್ 14ರಂದು ಗುಡಗಾಂವ್‌ನಲ್ಲಿ ಮೊದಲ ಗಿರಾಕಿಯ ಕೈಸೇರಿದ ಮಾರುತಿ 800ರ ಮುಂಗಾಲಿಗಳಲ್ಲಿ ಇದ್ದದ್ದೂ ಇದೇ ಕಂಬ.

ಮನೆಯಂಗಳದಲ್ಲಿ ಇದನ್ನು ಬದಲಿಸುವುದು ನೋಡಲು ಸುಲಭ. ಜಾಕ್ ಎತ್ತಿ, ಕಾರನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಇಳಿಸಿ, ಗಾಲಿ ತೆಗೆದು, ಕೆಳಗಿನ ಬೋಲ್ಟು, ಬಾನೆಟ್ಟಿನಡಿಯ ನಟ್ಟುಗಳನ್ನು ಬಿಚ್ಚಿದರೆ ಕಂಬ ಕೈಗೆ ಬರುತ್ತದೆ. ಕಷ್ಟ ಶುರುವಾಗುವುದು ಅಲ್ಲಿಂದ. ಹೊರತೆಗೆದ ಮೇಲೂ ಸ್ಪ್ರಿಂಗು ಬಿಗಿಯಾಗಿ ಅದುಮಿಕೊಂಡೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ನೆತ್ತಿಯ ನಡುವಿನ ಒಂದೇ ನಟ್ಟು. ಎದುರುಬದುರು ಕಂಪ್ರೆಸರ್ ಹಾಕಿ ಸ್ಪ್ರಿಂಗನ್ನು ಅದುಮುವ ಮೊದಲೇ ಆ ನಟ್ಟು ಬಿಚ್ಚಿದರೆ ಕೈ ಮುರಿಯಬಹುದು, ಪ್ರಾಣವೂ ಹೋಗಬಹುದು.

ಕಾರ್ಖಾನೆಯಲ್ಲಿ ಈ ಕಂಬವನ್ನು ಜೋಡಿಸಲು ಯಂತ್ರವಿದೆ. ಹಳ್ಳಿಯ ಅಂಗಳದಲ್ಲಿ ಇರುವುದು ಪಾನಾ, ಜಾಕು ಮತ್ತು ಧೈರ್ಯ. ಕಾರು ಅಗ್ಗವಾಗಲೆಂದು ಮೂರು ಕೆಲಸವನ್ನು ಒಂದಾಗಿಸಿದಾಗ ಉಳಿದ ಖರ್ಚು ಕೊಂಡವನಿಗೆ ಸಿಕ್ಕಿತು. ಕೂಡಿದ ಅಪಾಯ ಬಿಚ್ಚುವವನ ಪಾಲಿಗೆ ಬಂತು. ಆದ್ದರಿಂದ ಎರಡೂ ಕಡೆಯ ಶಾಕಪ್ ಒಟ್ಟಿಗೆ ಬದಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಕಂಪ್ರೆಸರ್ ಇಲ್ಲದಿದ್ದರೆ ಕಂಬವನ್ನು ಮಾತ್ರ ಮನೆಯಲ್ಲಿ ಬಿಚ್ಚಿ, ಹಾಗೆಯೇ ಗ್ಯಾರೇಜಿಗೆ ಒಯ್ಯಿರಿ. ನೆತ್ತಿಯ ನಟ್ಟನ್ನು ಅಲ್ಲೇ ಬಿಚ್ಚಲಿ.