ಕೇಬಲ್ ಇಲ್ಲದ ವಿಆರ್ ಹೆಡ್‌ಸೆಟ್ ಮತ್ತು ಲ್ಯಾಪ್‌ಟಾಪ್

ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ಟನ್ನು ಕೇಬಲ್ ಇಲ್ಲದೆ ಲ್ಯಾಪ್‌ಟಾಪಿಗೆ ಜೋಡಿಸುವುದು ಇಂದು ಮನೆಯ ವೈ-ಫೈ ಸರಿಯಿದ್ದರೆ ಆಗುವ ಕೆಲಸ. 2016ರಲ್ಲಿ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಕೇಬಲ್ ಇದ್ದರೂ ಅದು ಆಗುತ್ತಿರಲಿಲ್ಲ. ಬಲ ಸಾಲದೆ ಹಾಗಾಯಿತು ಎಂಬ ವಿವರಣೆ ಅರ್ಧ ಮಾತ್ರ ನಿಜ. ಬಲವಿದ್ದ ಲ್ಯಾಪ್‌ಟಾಪುಗಳೂ ಸೋತವು, ಏಕೆಂದರೆ ಅವುಗಳ ಒಳಗಿನ ಜೋಡಣೆ ಹೆಡ್‌ಸೆಟ್ಟಿಗೆ ಒಗ್ಗುವಂತಿರಲಿಲ್ಲ. ಚಿತ್ರವನ್ನು ಮಾನಿಟರಿಗೆ ಕಳಿಸುವ ಸಿಗ್ನಲ್ಲಿನ ಬದಲು ವೀಡಿಯೊ ರೂಪದಲ್ಲಿ ಕಳಿಸಲು ಕಲಿತ ಮೇಲೆ ಆ ತೊಡಕು ಕಳೆಯಿತು. ವಿಆರ್ ಹೆಡ್‌ಸೆಟ್ಟಿನಿಂದ ಕೇಬಲ್ ಕಳಚಿದ ಕಥೆ ಬಹುಪಾಲು ಈ ಒಂದು ಬದಲಾವಣೆಯ ಕಥೆ.

ತಲೆಗೆ ಕಟ್ಟಿದ ಪರದೆ ಕಂಪ್ಯೂಟರಿಗೆ ಅಂಟಿಕೊಂಡೇ ಹುಟ್ಟಿತು. ಐವಾನ್ ಸದರ್ಲೆಂಡ್ 1968ರಲ್ಲಿ ತೋರಿಸಿದ ಸಾಧನದಲ್ಲಿ ತಲೆ ಯಾವ ಕಡೆ ತಿರುಗಿತೆಂದು ಅಳೆಯಲು ಚಾವಣಿಯಿಂದ ಇಳಿಬಿಟ್ಟ ಯಾಂತ್ರಿಕ ತೋಳೊಂದಿತ್ತು. ಹಾಕಿಕೊಂಡವರು ಆ ತೋಳು ಬಿಟ್ಟಷ್ಟೇ ಓಡಾಡಬಹುದಿತ್ತು. ಮುಂದಿನ ನಾಲ್ಕು ದಶಕಗಳಲ್ಲಿ ತೋಳು ಹೋಯಿತು, ಕೇಬಲ್ ಉಳಿಯಿತು.

ಆಧುನಿಕ ವಿಆರ್‌ಗೆ ಚಾಲನೆ ಕೊಟ್ಟದ್ದು ಪಾಮರ್ ಲಕ್ಕಿ ಕಟ್ಟಿದ ಆಕ್ಯುಲಸ್. 2012ರ ಆಗಸ್ಟ್‌ನಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಎರಡೂವರೆ ಲಕ್ಷ ಡಾಲರ್ ಕೇಳಿದ ಈ ಕಂಪನಿಗೆ ಸುಮಾರು 24 ಲಕ್ಷ ಡಾಲರ್ ಬಂತು. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡುಕೊಂಡಿತು. 2016ರ ಮಾರ್ಚ್‌ನಲ್ಲಿ ಆಕ್ಯುಲಸ್ ರಿಫ್ಟ್, ಏಪ್ರಿಲ್‌ನಲ್ಲಿ ಎಚ್‌ಟಿಸಿ ವೈವ್ ಮಾರುಕಟ್ಟೆಗೆ ಬಂದವು. ಎರಡರ ಪರದೆಯೂ 2160 ಗುಣಿಸು 1200 ಪಿಕ್ಸೆಲ್, ಸೆಕೆಂಡಿಗೆ 90 ಚಿತ್ರ. ಒಂದು ಚಿತ್ರಕ್ಕೆ ಸಿಗುವ ಕಾಲ 11 ಮಿಲಿಸೆಕೆಂಡ್. ತಲೆ ತಿರುಗಿದ ಮೇಲೆ ಚಿತ್ರ ಬದಲಾಗಲು 20 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹಲವರಿಗೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಸಂಕುಚನವಿಲ್ಲದೆ ಲೆಕ್ಕ ಹಾಕಿದರೆ ಈ ಚಿತ್ರಗಳ ಹರಿವು ಸೆಕೆಂಡಿಗೆ ಸುಮಾರು 5.6 ಗಿಗಾಬಿಟ್. ಆ ಕಾಲದ ಮನೆ ವೈ-ಫೈಗೆ ಇದು ಎಟುಕದ ಮಾತು. ಆದ್ದರಿಂದ ಎಚ್‌ಡಿಎಂಐ ಕೇಬಲ್ ಅನಿವಾರ್ಯವಾಗಿತ್ತು.

ಲ್ಯಾಪ್‌ಟಾಪ್ ಎಡವಿದ್ದು ಆ ಎಚ್‌ಡಿಎಂಐ ಪೋರ್ಟಿನಲ್ಲೇ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿರುತ್ತವೆ: ಪ್ರೊಸೆಸರಿನೊಳಗೇ ಕೂತು ಬ್ಯಾಟರಿ ಉಳಿಸುವ ಚಿಕ್ಕದು, ಆಟ ಶುರುವಾದಾಗ ಎಚ್ಚೆತ್ತುಕೊಳ್ಳುವ ದೊಡ್ಡದು. ಎನ್ವಿಡಿಯಾ 2010ರಲ್ಲಿ ತಂದ ಆಪ್ಟಿಮಸ್ ತಂತ್ರದಲ್ಲಿ ದೊಡ್ಡ ಚಿಪ್ ರಚಿಸಿದ ಚಿತ್ರ ನೇರವಾಗಿ ಪರದೆಗೆ ಹೋಗುವುದಿಲ್ಲ. ಅದನ್ನು ಚಿಕ್ಕ ಚಿಪ್ಪಿನ ಮೆಮೊರಿಗೆ ನಕಲು ಮಾಡಿ, ಅಲ್ಲಿಂದ ಹೊರಗೆ ಕಳಿಸಲಾಗುತ್ತದೆ. ಹೊರಗಿನ ಪೋರ್ಟ್ ಕೂಡ ಅನೇಕ ಮಾದರಿಗಳಲ್ಲಿ ಚಿಕ್ಕ ಚಿಪ್ಪಿಗೇ ಸೇರಿತ್ತು. ಬ್ಯಾಟರಿ ಉಳಿತಾಯಕ್ಕೆ ಇದು ಜಾಣ ಏರ್ಪಾಡು. ಆದರೆ ದೊಡ್ಡ ಚಿಪ್ಪಿನೊಂದಿಗೆ ನೇರ ಸಂಪರ್ಕ ಬಯಸುವ, ಒಂದೊಂದು ಮಿಲಿಸೆಕೆಂಡಿಗೂ ಲೆಕ್ಕವಿಡುವ ಹೆಡ್‌ಸೆಟ್ಟಿಗೆ ಇದೇ ಅಡ್ಡಗೋಡೆಯಾಯಿತು. ಪ್ರತ್ಯೇಕ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪುಗಳಲ್ಲೂ ಅನೇಕವು ಈ ಕಾರಣಕ್ಕೆ ರಿಫ್ಟ್‌ಗೆ ಹೊಂದುವುದಿಲ್ಲವೆಂದು ಆಕ್ಯುಲಸ್ 2015ರ ಮೇನಲ್ಲೇ ಪ್ರಕಟಿಸಿತ್ತು. ಸಾವಿರಾರು ಡಾಲರ್ ಕೊಟ್ಟು ಯಂತ್ರ ಕೊಂಡವರಿಗೆ ಪೋರ್ಟಿನ ತಂತಿ ಎಲ್ಲಿ ಕೊನೆಯಾಗುತ್ತದೆಂದು ಪೆಟ್ಟಿಗೆಯ ಮೇಲೆ ಯಾರೂ ಬರೆದು ತಿಳಿಸಿರಲಿಲ್ಲ. ಹೊಂದಾಣಿಕೆಯ ಗೊಂದಲಕ್ಕೆ ಮೂಲ ಈ ಮೌನವೇ.

2016ರ ಆಗಸ್ಟ್‌ನಲ್ಲಿ ಎನ್ವಿಡಿಯಾ ಜಿಟಿಎಕ್ಸ್ 1060, 1070, 1080 ಚಿಪ್‌ಗಳನ್ನು ಲ್ಯಾಪ್‌ಟಾಪಿಗೂ ತಂದಾಗ ಬಲದ ಕೊರತೆ ಬಹುಮಟ್ಟಿಗೆ ನೀಗಿತು. ಪೋರ್ಟನ್ನು ದೊಡ್ಡ ಚಿಪ್ಪಿಗೆ ಜೋಡಿಸಿದ ಮಾದರಿಗಳು ‘ವಿಆರ್ ರೆಡಿ’ ಹೆಸರಿನಲ್ಲಿ ಬಂದವು. ಅದೇ ಹೊತ್ತಿಗೆ ಎಂಎಸ್‌ಐ, ಜೋಟ್ಯಾಕ್, ಎಚ್‌ಪಿ ಕಂಪನಿಗಳು ಕಂಪ್ಯೂಟರನ್ನೇ ಬೆನ್ನಿಗೆ ಹೊರುವ ಚೀಲವಾಗಿಸಿ ಮಾರಿದವು. ಕೇಬಲ್ ಬೆನ್ನಿನಿಂದ ತಲೆಗೆ ಹೋಗುವಷ್ಟು ಗಿಡ್ಡವಾಯಿತು, ಭಾರ ಹೆಗಲೇರಿತು. ವಿಆರ್ ಆಟದ ಕೇಂದ್ರಗಳಾಚೆ ಅವು ಹೆಚ್ಚು ಬೆಳೆಯಲಿಲ್ಲ.

ಸಾಧಾರಣ ಲ್ಯಾಪ್‌ಟಾಪಿಗೂ ದಾರಿ ಮಾಡಿಕೊಡಲು ಹೊರಟದ್ದು ಮೈಕ್ರೋಸಾಫ್ಟ್. 2017ರ ಅಕ್ಟೋಬರ್‌ನಲ್ಲಿ ಏಸರ್, ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳೊಂದಿಗೆ ಅದು ತಂದ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮಾತ್ರ ಇದ್ದ ಯಂತ್ರದಲ್ಲೂ ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ನಡೆಯುತ್ತಿತ್ತು. ತಲೆಯ ಚಲನೆ ಅಳೆಯಲು ಗೋಡೆಗೆ ಸೆನ್ಸರ್ ಹೊಡೆಯುವ ಕೆಲಸವೂ ಇರಲಿಲ್ಲ. ಮರುವರ್ಷ ಎನ್ವಿಡಿಯಾ, ಎಎಂಡಿ, ಮೈಕ್ರೋಸಾಫ್ಟ್, ಆಕ್ಯುಲಸ್, ವಾಲ್ವ್ ಸೇರಿ ‘ವರ್ಚುವಲ್‌ಲಿಂಕ್’ ಎಂಬ ಒಪ್ಪಂದ ಮುಂದಿಟ್ಟವು: ಚಿತ್ರ, ದತ್ತಾಂಶ, ವಿದ್ಯುತ್ ಮೂರೂ ಒಂದೇ ಯುಎಸ್‌ಬಿ-ಸಿ ಕೇಬಲಿನಲ್ಲಿ. ತೆಳು ಲ್ಯಾಪ್‌ಟಾಪಿಗೆ ಇದು ವರದಾನವಾಗಬಹುದಿತ್ತು. ಹೆಡ್‌ಸೆಟ್ ತಯಾರಕರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2020ರ ಹೊತ್ತಿಗೆ ಯೋಜನೆ ಕೈಬಿಟ್ಟುಹೋಯಿತು.

ಕೇಬಲ್ ಕಿತ್ತೊಗೆಯುವ ಮೊದಲ ಗಂಭೀರ ಯತ್ನಗಳು 60 ಗಿಗಾಹರ್ಟ್ಜ್ ತರಂಗಗಳನ್ನು ನೆಚ್ಚಿದ್ದವು. ಚೀನಾದ ಟಿಪಿಕ್ಯಾಸ್ಟ್ 2016ರ ನವೆಂಬರ್‌ನಲ್ಲಿ ವೈವ್‌ಗಾಗಿ ಅಂಥ ಅಡಾಪ್ಟರ್ ಘೋಷಿಸಿತು. 2018ರ ಸೆಪ್ಟೆಂಬರ್‌ನಲ್ಲಿ ಇಂಟೆಲ್‌ನ ವೈಗಿಗ್ ಬಳಸಿದ ಎಚ್‌ಟಿಸಿಯ ಸ್ವಂತ ಅಡಾಪ್ಟರ್ 299 ಡಾಲರಿಗೆ ಬಂತು. ಈ ತರಂಗಗಳು ಅಪಾರ ದತ್ತಾಂಶ ಹೊರುತ್ತವೆ, ಗೋಡೆ ದಾಟುವುದಿಲ್ಲ, ಮನುಷ್ಯನ ಮೈ ಅಡ್ಡ ಬಂದರೂ ಕುಂದುತ್ತವೆ. ಒಂದೇ ಕೋಣೆಯಲ್ಲಿ ಆಡುವವರಿಗೆ ಅದು ನಡೆಯುತ್ತಿತ್ತು. ಲ್ಯಾಪ್‌ಟಾಪಿನವರಿಗೆ ಮಾತ್ರ ನಡೆಯಲಿಲ್ಲ: ಎಚ್‌ಟಿಸಿ ಅಡಾಪ್ಟರಿನ ಒಂದು ಭಾಗ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಕೂರಿಸಬೇಕಾದ ಪಿಸಿಐಇ ಕಾರ್ಡ್ ಆಗಿತ್ತು.

ತಿರುವು ಬಂದದ್ದು ಬೇರೆ ದಿಕ್ಕಿನಿಂದ. 2019ರ ಮೇ 21ರಂದು ಬಿಡುಗಡೆಯಾದ 399 ಡಾಲರಿನ ಆಕ್ಯುಲಸ್ ಕ್ವೆಸ್ಟ್‌ನೊಳಗೆ ಮೊಬೈಲ್ ಫೋನಿನ ಸ್ನಾಪ್‌ಡ್ರ್ಯಾಗನ್ 835 ಚಿಪ್ ಇತ್ತು. ಕಂಪ್ಯೂಟರಿನ ಹಂಗಿಲ್ಲದೆ ಆಡಲೆಂದು ಮಾಡಿದ ಸಾಧನ ಅದು. ಆದರೆ ಫೋನಿನ ಚಿಪ್ ಕುಗ್ಗಿಸಿದ ವೀಡಿಯೊ ಬಿಡಿಸುವುದರಲ್ಲಿ ನಿಪುಣ. ಎಎಲ್‌ವಿಆರ್ ಎಂಬ ಮುಕ್ತ ತಂತ್ರಾಂಶ ಇದನ್ನು ಹಿಂದಿನ ವರ್ಷವೇ ಆಕ್ಯುಲಸ್ ಗೋ ಎಂಬ ಹೆಡ್‌ಸೆಟ್ಟಿನ ಮೇಲೆ ಬಳಸಿಕೊಂಡಿತ್ತು. ಕೆನಡಾದ ಗೈ ಗೊಡಾನ್ ತಮ್ಮ ವರ್ಚುವಲ್ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಕಂಪ್ಯೂಟರಿನ ವಿಆರ್ ಆಟಗಳನ್ನು ಕ್ವೆಸ್ಟ್‌ಗೆ ವೈ-ಫೈ ಮೂಲಕ ಕಳಿಸಿ ತೋರಿಸಿದರು. 2019ರ ಜೂನ್‌ನಲ್ಲಿ ಆಕ್ಯುಲಸ್ ಆ ಸೌಲಭ್ಯವನ್ನು ತೆಗೆಯಲು ಹೇಳಿತು. ಬಳಕೆದಾರರು ಅಂಗಡಿಯ ಹೊರಗಿನಿಂದ ಅದನ್ನು ಹಾಕಿಕೊಳ್ಳುತ್ತಲೇ ಹೋದರು. 2021ರ ಫೆಬ್ರವರಿಯಲ್ಲಿ ಅಧಿಕೃತ ಅನುಮತಿ ಸಿಕ್ಕಿತು. ಎರಡೇ ತಿಂಗಳಲ್ಲಿ ಕಂಪನಿ ತನ್ನದೇ ಏರ್ ಲಿಂಕ್ ಪ್ರಕಟಿಸಿತು. ಒಬ್ಬ ಸ್ವತಂತ್ರ ತಂತ್ರಜ್ಞ ದೊಡ್ಡ ಕಂಪನಿಗಿಂತ ಮೊದಲೇ ದಾರಿ ಕಂಡದ್ದು ಈ ಇತಿಹಾಸದ ಗಟ್ಟಿ ಅಧ್ಯಾಯ.

ಇಲ್ಲಿ ನಡೆಯುವುದೇನು? ಲ್ಯಾಪ್‌ಟಾಪಿನ ದೊಡ್ಡ ಚಿಪ್ ಚಿತ್ರ ರಚಿಸಿ, ತನ್ನೊಳಗಿನ ಎನ್‌ಕೋಡರಿನಿಂದ ಅದನ್ನು ಕುಗ್ಗಿಸಿ, ನೆಟ್‌ವರ್ಕಿಗೆ ಒಪ್ಪಿಸುತ್ತದೆ. ಎಚ್‌ಡಿಎಂಐ ಪೋರ್ಟಿನ ಮಾತೇ ಬರುವುದಿಲ್ಲ; ಅದು ಯಾವ ಚಿಪ್ಪಿಗೆ ಸೇರಿದ್ದರೂ ಒಂದೇ. ಕ್ವೆಸ್ಟ್ 2ರ ಪರದೆಗೆ ಸೆಕೆಂಡಿಗೆ 90 ಚಿತ್ರದಂತೆ ಸುಮಾರು 15 ಗಿಗಾಬಿಟ್ ಬೇಕಾದ ಕಡೆ ಏರ್ ಲಿಂಕ್ ಗರಿಷ್ಠ 200 ಮೆಗಾಬಿಟ್‌ನಲ್ಲಿ ಕೆಲಸ ಮುಗಿಸುತ್ತದೆ. ಕುಗ್ಗಿಸಿ ಬಿಡಿಸುವ ತಡವನ್ನು ಹೆಡ್‌ಸೆಟ್ಟೇ ಮುಚ್ಚಿಕೊಳ್ಳುತ್ತದೆ: ಕೈಗೆ ಬಂದ ಚಿತ್ರವನ್ನು ತಲೆಯ ಈ ಕ್ಷಣದ ನಿಲುವಿಗೆ ತಕ್ಕಂತೆ ಸರಿಸಿ ತೋರಿಸುತ್ತದೆ.

ಸಮಸ್ಯೆ ಪೋರ್ಟಿನಿಂದ ಗಾಳಿಗೆ ಬಂತು. ಲ್ಯಾಪ್‌ಟಾಪ್ ತಾನೂ ವೈ-ಫೈನಲ್ಲೇ ರೂಟರಿಗೆ ಸೇರಿದರೆ ಅದೇ ವೀಡಿಯೊ ಒಂದೇ ಚಾನೆಲ್ಲಿನಲ್ಲಿ ಎರಡು ಬಾರಿ ಸಾಗಬೇಕು: ಲ್ಯಾಪ್‌ಟಾಪಿನಿಂದ ರೂಟರಿಗೆ, ರೂಟರಿನಿಂದ ಹೆಡ್‌ಸೆಟ್ಟಿಗೆ. ಚಿತ್ರ ತಡವರಿಸಲು ಇದು ಸಾಮಾನ್ಯ ಕಾರಣ. ಆದ್ದರಿಂದಲೇ ಲ್ಯಾಪ್‌ಟಾಪನ್ನು ಈಥರ್ನೆಟ್ ತಂತಿಯಿಂದ ರೂಟರಿಗೆ ಜೋಡಿಸಲು ತಯಾರಕರೇ ಹೇಳುತ್ತಾರೆ. ತೆಳು ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇಲ್ಲದಿರುವುದರಿಂದ ಯುಎಸ್‌ಬಿ ಅಡಾಪ್ಟರ್ ಬೇಕಾಗುತ್ತದೆ. 2022ರಲ್ಲಿ ಡಿ-ಲಿಂಕ್ ಮತ್ತು ಮೆಟಾ (ಹಿಂದಿನ ಫೇಸ್‌ಬುಕ್) ಸೇರಿ ಸುಮಾರು 100 ಡಾಲರಿನ ವಿಆರ್ ಏರ್ ಬ್ರಿಡ್ಜ್ ತಂದವು. ಯುಎಸ್‌ಬಿಗೆ ಸಿಕ್ಕಿಸಿದರೆ ಹೆಡ್‌ಸೆಟ್ಟಿಗೆಂದೇ ಮೀಸಲಾದ ವೈ-ಫೈ 6 ಕೊಂಡಿ. ಅಮೆರಿಕ 2020ರ ಏಪ್ರಿಲ್‌ನಲ್ಲಿ 6 ಗಿಗಾಹರ್ಟ್ಜ್ ಪಟ್ಟಿಯನ್ನು ವೈ-ಫೈಗೆ ತೆರೆದದ್ದರಿಂದ ಕ್ವೆಸ್ಟ್ 3ರಂಥ ವೈ-ಫೈ 6ಇ ಸಾಧನಗಳಿಗೆ ಗದ್ದಲವಿಲ್ಲದ ಜಾಗ ಸಿಕ್ಕಿತು. ಭಾರತದಲ್ಲಿ ಆ ಪಟ್ಟಿಯ ಕೆಳಭಾಗವನ್ನು ಪರವಾನಗಿಯಿಂದ ಬಿಡಿಸುವ ಕರಡು ನಿಯಮಗಳು 2025ರ ಮೇನಲ್ಲಿ ಹೊರಬಂದವು. ಆ ಪಟ್ಟಿ ತೆರೆಯುವವರೆಗೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಆಡುವವರು ಅಕ್ಕಪಕ್ಕದ ಮನೆಗಳ ರೂಟರುಗಳೊಂದಿಗೆ 5 ಗಿಗಾಹರ್ಟ್ಜನ್ನೇ ಹಂಚಿಕೊಳ್ಳಬೇಕಾಗಿತ್ತು.

ಆಟವಷ್ಟೇ ಅಲ್ಲದೆ ದಿನನಿತ್ಯದ ಕೆಲಸವೂ ಈ ದಾರಿಗೆ ಬಂದಿದೆ. 2024ರ ಫೆಬ್ರವರಿಯ ಆ್ಯಪಲ್ ವಿಷನ್ ಪ್ರೊ, ಮ್ಯಾಕ್‌ಬುಕ್‌ನ ಪರದೆಯನ್ನು ತಂತಿಯಿಲ್ಲದೆ ದೊಡ್ಡದಾಗಿ ಗಾಳಿಯಲ್ಲಿ ನಿಲ್ಲಿಸುತ್ತದೆ. ವಿಂಡೋಸ್ 11ರ ಲ್ಯಾಪ್‌ಟಾಪುಗಳಿಗೂ ಕ್ವೆಸ್ಟ್ 3ಕ್ಕೂ ಇಂಥದೇ ಸಂಪರ್ಕವನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಕೊನೆಯಲ್ಲಿ ಪರೀಕ್ಷೆಗೆ ಬಿಟ್ಟಿತು. ವಿಂಡೋಸ್ ಮಿಕ್ಸ್ಡ್ ರಿಯಾಲಿಟಿಯನ್ನು ಮಾತ್ರ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಕಿತ್ತುಹಾಕಲಾಯಿತು, ಚೆನ್ನಾಗಿಯೇ ನಡೆಯುತ್ತಿದ್ದ ಎಷ್ಟೋ ಹೆಡ್‌ಸೆಟ್ಟುಗಳು ಆ ಆವೃತ್ತಿಗೆ ಹೋದವರ ಪಾಲಿಗೆ ಕೆಲಸಕ್ಕೆ ಬಾರದಂತಾದವು. ಬಡ ಲ್ಯಾಪ್‌ಟಾಪನ್ನು ಮೊದಲು ಒಳಗೆ ಕರೆದ ವ್ಯವಸ್ಥೆಗೆ ಇದು ನ್ಯಾಯವಾದ ವಿದಾಯವಲ್ಲ.

2025ರ ನವೆಂಬರ್‌ನಲ್ಲಿ ವಾಲ್ವ್ ಘೋಷಿಸಿದ ಸ್ಟೀಮ್ ಫ್ರೇಮ್ ಹೆಡ್‌ಸೆಟ್ಟಿನೊಂದಿಗೆ 6 ಗಿಗಾಹರ್ಟ್ಜ್ ಯುಎಸ್‌ಬಿ ಅಡಾಪ್ಟರ್ ಪೆಟ್ಟಿಗೆಯೊಳಗೇ ಬರುತ್ತದೆ. ಹೆಡ್‌ಸೆಟ್ಟಿನಲ್ಲಿ ಎರಡು ರೇಡಿಯೊಗಳಿದ್ದು, ಒಂದು ಆಟದ ವೀಡಿಯೊಗೆ, ಇನ್ನೊಂದು ಮನೆಯ ವೈ-ಫೈಗೆ. ಕಣ್ಣು ಎತ್ತ ನೋಡುತ್ತಿದೆಯೆಂದು ಗುರುತಿಸಿ, ಆ ಭಾಗಕ್ಕೆ ಹೆಚ್ಚು ಸ್ಪಷ್ಟತೆ ಕೊಟ್ಟು ಉಳಿದದ್ದನ್ನು ಹೆಚ್ಚು ಕುಗ್ಗಿಸುತ್ತದೆ. ಲ್ಯಾಪ್‌ಟಾಪಿನಿಂದ ಅದು ಕೇಳುವುದು ಆಟ ನಡೆಸಬಲ್ಲ ಗ್ರಾಫಿಕ್ಸ್ ಚಿಪ್, ಅದಕ್ಕೆ ಪೂರ್ಣ ವಿದ್ಯುತ್ ಕೊಡುವ ಚಾರ್ಜರ್, ಮತ್ತು ಅಡಾಪ್ಟರ್ ಸಿಕ್ಕಿಸಲು ಒಂದು ಯುಎಸ್‌ಬಿ ಪೋರ್ಟ್.