ಮೂರು ಮೂಲೆಯ ಎಂಜಿನ್

2023ರ ಆಗಸ್ಟ್ 20ರಂದು ನಮ್ಮ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ‘ತಪಸ್’ ಎಂಬ ಚಾಲಕರಹಿತ ವಿಮಾನ ಬಿದ್ದ ಸುದ್ದಿ ಓದುಗರಿಗೆ ನೆನಪಿರಬಹುದು. ಅಂತಹ ವಿಮಾನಗಳ ಎಂಜಿನ್ ಕುರಿತು ಆಗ ನಮ್ಮಲ್ಲಿ ಬಹಳ ಮಾತು ನಡೆಯಿತು. ತಪಸ್‌ನ ಎಂಜಿನ್ ಬೇರೆ ಬಗೆಯದು. ಆದರೆ ಅದಕ್ಕಿಂತ ಹಿರಿಯದಾದ ‘ನಿಶಾಂತ್’ ವಿಮಾನದಲ್ಲಿದ್ದುದು ಪಿಸ್ಟನ್ನೇ ಇಲ್ಲದ ವ್ಯಾಂಕೆಲ್ ರೋಟರಿ ಎಂಜಿನ್. ಅದರ ಕಥೆ ಸ್ವಾರಸ್ಯಕರವಾಗಿದೆ.

ಫೆಲಿಕ್ಸ್ ವ್ಯಾಂಕೆಲ್ ಎಂಬ ಜರ್ಮನ್ನನು ಈ ಕಲ್ಪನೆಗೆ 1929ರಲ್ಲಿ ಪೇಟೆಂಟ್ ಪಡೆದನು. ಆತ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಕಾರು ಓಡಿಸುವ ಲೈಸೆನ್ಸೂ ಇರಲಿಲ್ಲವಂತೆ! ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಮಾದರಿ ಓಡಿದ್ದು 1957ರಲ್ಲಿ. ಅದರಲ್ಲಿ ಒಳಗಿನ ರೋಟರ್ ಮಾತ್ರವಲ್ಲದೆ ಅದನ್ನು ಸುತ್ತುವರಿದ ಕವಚವೂ ತಿರುಗುತ್ತಿತ್ತು. ಕವಚವನ್ನು ಸ್ಥಿರಗೊಳಿಸಿ ಬಳಕೆಗೆ ತಂದವನು ಅಲ್ಲಿಯ ಎಂಜಿನಿಯರ್ ಪಾಶ್ಕೆ.

ಶಾಲೆಯಲ್ಲಿ ನಾವು ಕಲಿಸುವ ಚೂಷಣ, ಸಂಪೀಡನ, ಶಕ್ತಿ, ನಿಷ್ಕಾಸ ಎಂಬ ನಾಲ್ಕು ಹೊಡೆತಗಳು ಇಲ್ಲಿಯೂ ಉಂಟು. ಪಿಸ್ಟನ್ ಎಂಜಿನ್‌ನಲ್ಲಿ ಅವು ಒಂದೇ ಸಿಲಿಂಡರಿನೊಳಗೆ ಒಂದಾದ ಮೇಲೊಂದು ನಡೆಯುತ್ತವೆ. ಇಲ್ಲಿ ಒಂದೊಂದು ಕೆಲಸಕ್ಕೂ ಕವಚದೊಳಗೆ ಪ್ರತ್ಯೇಕ ಜಾಗವಿದೆ. ನಡುವಿನಲ್ಲಿ ತುಸು ಒಳಬಾಗಿದ ಶೇಂಗಾಕಾಯಿಯಂಥ ಕವಚ. ಅದರೊಳಗೆ ಉಬ್ಬಿದ ಬದಿಗಳ ತ್ರಿಕೋನಾಕಾರದ ರೋಟರ್. ಅದರ ಮೂರು ಮೂಲೆಗಳೂ ಸದಾ ಕವಚದ ಗೋಡೆಗೆ ತಾಗಿರುವುದರಿಂದ ಮೂರು ಕೋಣೆಗಳಾಗುತ್ತವೆ. ರೋಟರ್ ತಿರುಗಿದಂತೆ ಒಂದು ಕೋಣೆ ಹಿಗ್ಗುತ್ತಾ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಹೀರಿಕೊಳ್ಳುತ್ತದೆ, ಕುಗ್ಗುತ್ತಾ ಅದನ್ನು ಒತ್ತುತ್ತದೆ. ಕಿಡಿ ತಗುಲಿದೊಡನೆ ಉರಿದ ಅನಿಲ ರೋಟರನ್ನು ಮುಂದಕ್ಕೆ ತಳ್ಳಿ, ಕೊನೆಗೆ ಹೊರದ್ವಾರದಿಂದ ಹೋಗುತ್ತದೆ. ಅಷ್ಟರಲ್ಲಿ ಉಳಿದೆರಡು ಕೋಣೆಗಳು ಬೇರೆ ಬೇರೆ ಹಂತದಲ್ಲಿರುತ್ತವೆ. ಕವಾಟಗಳ ಗೊಡವೆಯೇ ಇಲ್ಲ. ರೋಟರ್ ಒಂದು ಸುತ್ತು ಮುಗಿಸುವಾಗ ನಡುವಿನ ದಂಡ ಮೂರು ಸುತ್ತು ತಿರುಗುತ್ತದೆ. ಹೀಗೆ ದಂಡದ ಪ್ರತಿ ಸುತ್ತಿಗೂ ಒಂದು ಶಕ್ತಿ ಹೊಡೆತ. ಒಂದೇ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್‌ನಲ್ಲಾದರೆ ಎರಡು ಸುತ್ತಿಗೆ ಒಂದು.

ತೊಡಕು ಇರುವುದು ಆ ಮೂರು ಮೂಲೆಗಳಲ್ಲಿ. ಅಲ್ಲಿ ಕೂರಿಸಿದ ಸೀಲ್ ಪಟ್ಟಿಗಳು ಸವೆದರೆ ಒಂದು ಕೋಣೆಯ ಅನಿಲ ಪಕ್ಕದ ಕೋಣೆಗೆ ಸೋರುತ್ತದೆ. ಅವು ಕವಚದ ಮೇಲೆ ಗೀಚಿದ ಗೆರೆಗಳನ್ನು ಜಪಾನಿನ ಮಾಜ್ದಾ ಎಂಜಿನಿಯರುಗಳು ದೆವ್ವದ ಉಗುರಿನ ಗುರುತೆಂದು ಕರೆದರು. 1967ರಲ್ಲಿ ಬಂದ ಎನ್‌ಎಸ್‌ಯು ಕಂಪನಿಯ ಆರ್‌ಓ 80 ಕಾರಿಗೆ ಕೆಟ್ಟ ಹೆಸರು ತಂದದ್ದೂ ಈ ಸೀಲುಗಳೇ. ಮಾಜ್ದಾ ಮಾತ್ರ ಹಟ ಬಿಡದೆ 1991ರಲ್ಲಿ ಲ ಮಾನ್ ಸ್ಪರ್ಧೆಯನ್ನೇ ಗೆದ್ದಿತು.

ನಿಶಾಂತ್‌ಗೂ ಮೊದಲು ಆಮದು ಎಂಜಿನ್ನೇ ಗತಿಯಾಗಿತ್ತು. ದೇಶೀ ಎಂಜಿನ್ನನ್ನು ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹಮದ್‌ನಗರದ ವಿಆರ್‌ಡಿಇ ಸೇರಿ ರೂಪಿಸಿದವು. ಕವಚದ ಒಳಮೈಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್‌ನ ಗಟ್ಟಿ ಲೇಪ ಕೊಟ್ಟದ್ದು ಎನ್‌ಎಎಲ್. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳ ಆ ಲೇಪವೇ. ಸುಮಾರು 30 ಕಿಲೋ ತೂಕದ, 55 ಅಶ್ವಶಕ್ತಿಯ ಆ ಎಂಜಿನ್ ಹೊತ್ತ ನಿಶಾಂತ್ 2009ರ ಏಪ್ರಿಲ್ 5ರ ಭಾನುವಾರ ಬೆಳಿಗ್ಗೆ ಕೋಲಾರದ ಬಳಿ, ಎರಡನೇ ಮಹಾಯುದ್ಧ ಕಾಲದ ಪಾಳು ಓಡುಪಥದಿಂದ ಮೇಲೇರಿ, 40 ನಿಮಿಷಗಳ ತರುವಾಯ ಒಂದು ಒಣಕೆರೆಯಂಗಳದಲ್ಲಿ ಕ್ಷೇಮವಾಗಿ ಇಳಿಯಿತು.